ಆ ಉತ್ತರದೊಳಗಿನ ಅಪ್ಪ

1949ರ ಜನವರಿ 15ರಂದು ಭಾರತದ ಸೇನೆಯ ಚುಕ್ಕಾಣಿ ಬ್ರಿಟಿಷ್ ಜನರಲ್ ಬುಚರ್ ಅವರ ಕೈಯಿಂದ ಕೊಡಂದೇರ ಕಾರ್ಯಪ್ಪನವರ ಕೈಗೆ ಬಂತು. ಆ ದಿನವನ್ನೇ ನಾವು ಸೇನಾ ದಿನವಾಗಿ ಆಚರಿಸುತ್ತೇವೆ. ಭಾಷಣಗಳೆಲ್ಲ ಜನರಲ್ ಕಾರ್ಯಪ್ಪನವರ ಬಗ್ಗೆ. ನನ್ನ ಮನಸ್ಸು ಮಾತ್ರ ನಂದಾ, ನಳಿನಿ ಎಂಬ ಎರಡು ಮಕ್ಕಳ ಅಪ್ಪನ ಕಡೆಗೇ ಹೋಗುತ್ತದೆ.

ಅಪ್ಪ ಬಲು ಕಟ್ಟುನಿಟ್ಟು. ದೆಹಲಿಯಲ್ಲಿದ್ದಾಗ ಮಕ್ಕಳು ಶಾಲೆಗೆ ಹೋಗಿಬರುತ್ತಿದ್ದುದು ಸೇನೆಯ ಲಾರಿಯಲ್ಲಿ. ಒಂದು ದಿನ ಲಾರಿ ಬರಲಿಲ್ಲ. ಮಕ್ಕಳು ಕಾಯುತ್ತಿರುತ್ತಾರಲ್ಲ ಎಂದು ಅಪ್ಪನ ಸಹಾಯಕ ಅಧಿಕಾರಿ, ಎ.ಡಿ.ಸಿ., ಅಪ್ಪನ ಸರ್ಕಾರಿ ಕಾರನ್ನೇ ಕಳಿಸಿದರು. ಹುಡುಗರಿಗೆ ಹಬ್ಬ. ವಿಷಯ ತಿಳಿದ ಕಾರ್ಯಪ್ಪ ಎ.ಡಿ.ಸಿ.ಯನ್ನು ತರಾಟೆಗೆ ತೆಗೆದುಕೊಂಡರು. ಆ ಓಡಾಟದ ಬಿಲ್ಲು ಮಾಡಿಸಿ ಸ್ವಂತ ಲೆಕ್ಕದಿಂದ ಕಟ್ಟಿದರು. ಊರಿನ ಮಕ್ಕಳಿಗಿಲ್ಲದ್ದು ತನ್ನ ಮಕ್ಕಳಿಗೂ ಬೇಡ, ಅಷ್ಟೆ.

ಇದೇ ಅಪ್ಪನಿಗೆ 1965ರಲ್ಲಿ ನಿಜವಾದ ಪರೀಕ್ಷೆ ಬಂತು. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಸುದ್ದಿ ಮುಟ್ಟಿಸುವ, ಹರಳು ಕಡ್ಡಿಯ ಬಿಲ್ಲುಬಾಣವನ್ನು ಎಳೆಗೈಗೆ ಹಿಡಿಸುವ ನಾಡು ಅವರ ಕೊಡಗು. ಅಲ್ಲಿ ಮಗನನ್ನು ಸೈನ್ಯಕ್ಕೆ ಕೊಡುವುದು ಹೊಸತಲ್ಲ. ಆದರೆ ಕೊಡುವುದು ಬೇರೆ, ಕೊಟ್ಟ ಮಗ ಶತ್ರುವಿನ ಕೈಯಲ್ಲಿದ್ದಾನೆ ಎಂದು ಕೇಳುವುದು ಬೇರೆ. ಪಾಕಿಸ್ತಾನದೊಂದಿಗಿನ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ವಾಯುಪಡೆಯಲ್ಲಿದ್ದ ನಂದಾ ಹಾರಿಸುತ್ತಿದ್ದ ಹಂಟರ್ ವಿಮಾನ ಹೊಡೆತಕ್ಕೆ ಸಿಕ್ಕಿತು. ಹೊರಗೆ ಹಾರಿದರು, ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಗೌರವ ಉಳಿದಿತ್ತು. ಮಗ ಕ್ಷೇಮ ಎಂದು ತಿಳಿಸಿದರು, ಬೇಕಾದರೆ ಬಿಟ್ಟು ಕಳಿಸುತ್ತೇವೆ ಎಂದೂ ಹೇಳಿಸಿದರು.

ಕಾರ್ಯಪ್ಪನವರು ಒಪ್ಪಲಿಲ್ಲ. ನಿಮ್ಮಲ್ಲಿ ಸೆರೆಯಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಹೋಯಿತು.

ಇದನ್ನು ದೇಶಭಕ್ತಿಯ ಕಥೆಯಾಗಿ ನೂರಾರು ಸಲ ಹೇಳಿದ್ದೇವೆ, ಹೇಳಬೇಕಾದದ್ದೇ. ಆದರೆ ಆ ಉತ್ತರದ ಎರಡನೆಯ ಅರ್ಧವನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ. ಅದು ಜನರಲ್ಲರ ಆದೇಶವಲ್ಲ. ಮಗ ದೂರದೂರಿನಲ್ಲಿ ಹಾಸಿಗೆ ಹಿಡಿದಿರುವಾಗ ಯಾವ ಅಪ್ಪನಾದರೂ ಮಾಡುವ ವಿನಂತಿ. ತನ್ನ ಒಬ್ಬ ಮಗನಿಗಾಗಿ ಕೇಳಲು ಆ ಸ್ವಾಭಿಮಾನಿಗೆ ಬಾಯಿ ಬಾರದು, ಎಲ್ಲರಿಗಾಗಿ ಕೇಳಬಹುದು. ಹೆಸರು ಹೇಳಲಾಗದ ಎಷ್ಟೋ ಅಪ್ಪಂದಿರ ಪರವಾಗಿಯೂ ಕೇಳಿದಂತಾಯಿತು. ಮನಸ್ಸನ್ನು ಕಲ್ಲು ಮಾಡಿಕೊಂಡವರ ಮಾತು ಇದು ಎಂದು ನಾನು ಎಂದೂ ನಂಬಲಾರೆ.

ನಂದಾ ಉಳಿದ ಸೆರೆಯಾಳುಗಳ ಹಾಗೆಯೇ 1966ರ ಜನವರಿಯಲ್ಲಿ ಮರಳಿದರು. 1986ರಲ್ಲಿ ತಂದೆಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ, ಮಡಿಕೇರಿಯ ಅಂತ್ಯಸಂಸ್ಕಾರಕ್ಕೆ ಸೇನೆಯ ಮಾಣಿಕ್ ಷಾ ಬಂದಿದ್ದರು, ವಾಯುಪಡೆಯ ಅರ್ಜನ್ ಸಿಂಗ್ ಬಂದಿದ್ದರು. ಚಿತೆಗೆ ಬೆಂಕಿಯಿಟ್ಟದ್ದು ನಂದಾ. ಏರ್ ಮಾರ್ಷಲ್ ಹುದ್ದೆಗೇರಿದ ಅವರೇ ಮುಂದೆ ತಂದೆಯ ಜೀವನಚರಿತ್ರೆ ಬರೆದರು. ಕಾರಿನ ಬಿಲ್ಲಿನ ಪ್ರಸಂಗವನ್ನು ಜಗತ್ತಿಗೆ ಹೇಳಿದವರೂ ಅವರೇ, ದೂರಾಗಿ ಅಲ್ಲ, ಹೆಮ್ಮೆಯಿಂದ.