ಲಂಗರು ಇಳಿದೆಡೆಯ ನೆರೆಹೊರೆ

ಹಾಯಿದೋಣಿಯನ್ನೇ ಮನೆಯನ್ನಾಗಿ ಮಾಡಿಕೊಂಡು ದೇಶದಿಂದ ದೇಶಕ್ಕೆ ಸಾಗುವ ಜನರು ಇಂದು ಜಗತ್ತಿನ ಕಡಲುಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರು ವ್ಯಾಪಾರಿಗಳಲ್ಲ, ಮೀನುಗಾರರಲ್ಲ, ಪಂದ್ಯಕ್ಕೆ ಹೊರಟವರೂ ಅಲ್ಲ. ಮೂವತ್ತು ನಲವತ್ತು ಅಡಿ ಉದ್ದದ ದೋಣಿಯೊಳಗೆ ಒಲೆ, ಮಲಗುವ ಹಲಗೆ, ಪುಸ್ತಕದ ಕಪಾಟು ಎಲ್ಲವನ್ನೂ ಅಡಕಮಾಡಿಕೊಂಡು ಗಾಳಿಯನ್ನು ನಂಬಿ ಬಾಳುವವರು. ಅವರ ಬಾಳನ್ನು ನೆನೆದೊಡನೆ ನೆಲದ ಮೇಲಿನವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಬಿರುಗಾಳಿಯದು, ಎರಡನೆಯದು ಒಂಟಿತನದ್ದು. ಓಣಿಯಿಲ್ಲ, ಸಂತೆಯಿಲ್ಲ, ಜಗಲಿಯ ಮೇಲೆ ಕುಳಿತು ಹರಟುವ ನೆರೆಯವರಿಲ್ಲ. ಇಂಥವರಿಗೆ ಸ್ನೇಹಿತರು ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರವನ್ನು ಒಬ್ಬ ಒಂಟಿ ನಾವಿಕನ ಚರಿತ್ರೆಯಲ್ಲಿ ಹುಡುಕುವುದು ಲೇಸು. ಜಾಶುವಾ ಸ್ಲೋಕಂ ಎಂಬ ಕಪ್ತಾನನು 1844ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದವನು. ಹಡಗಿನಲ್ಲಿಯೇ ಅವನೊಡನೆ ಸಂಸಾರ ಮಾಡಿದ ಮಡದಿಯು 1884ರಲ್ಲಿ ತೀರಿಕೊಂಡಳು. ಮೂರು ವರ್ಷಗಳ ತರುವಾಯ ಅವನ ಹಡಗು ಬ್ರೆಜಿಲಿನ ತೀರದಲ್ಲಿ ಒಡೆದುಹೋಯಿತು. ಉಗಿಹಡಗುಗಳ ಕಾಲವು ಬಂದಿದ್ದುದರಿಂದ ಹಾಯಿಹಡಗಿನ ಕಪ್ತಾನನಿಗೆ ಕೆಲಸವೂ ದೊರೆಯದಾಯಿತು. ಆಗ ಹಳೆಯ ಪರಿಚಯದವನೊಬ್ಬನು, ಹೊಲದಲ್ಲಿ ಶಿಥಿಲವಾಗಿ ಬಿದ್ದಿದ್ದ ‘ಸ್ಪ್ರೇ’ ಎಂಬ ದೋಣಿಯನ್ನು ಅರ್ಧ ಪರಿಹಾಸ್ಯಕ್ಕೆಂಬಂತೆ ಅವನಿಗೆ ಕೊಟ್ಟುಬಿಟ್ಟನು. ಸ್ಲೋಕಂ ಅದನ್ನು ಹಲಗೆ ಹಲಗೆಯಾಗಿ ಹೊಸದಾಗಿ ಕಟ್ಟಿದನು. 36 ಅಡಿ 9 ಅಂಗುಲ ಉದ್ದದ ಆ ದೋಣಿಯಲ್ಲಿ 1895ರ ಏಪ್ರಿಲ್ 24ರಂದು ಬೋಸ್ಟನ್ನಿನಿಂದ ಒಬ್ಬನೇ ಹೊರಟು, 1898ರ ಜೂನ್ ತಿಂಗಳಿನಲ್ಲಿ ಭೂಮಿಯನ್ನು ಸುತ್ತಿ ಮರಳಿದನು. ಹಾಗೆ ಒಬ್ಬಂಟಿಯಾಗಿ ಸುತ್ತಿಬಂದವರಲ್ಲಿ ಅವನೇ ಮೊದಲಿಗ.

ಒಂಟಿತನವು ಅವನನ್ನು ಕಾಡದೆ ಇರಲಿಲ್ಲ. ಅಟ್ಲಾಂಟಿಕ್ ಸಾಗರದ ದಟ್ಟ ಮಂಜಿನಲ್ಲಿ ದಿನಗಟ್ಟಲೆ ಮಾತಿಲ್ಲದೆ ಇದ್ದು, ಬಳಸದ ದನಿಯು ಎಲ್ಲಿ ಕೆಟ್ಟುಹೋಗುವುದೋ ಎಂದು ಅಂಜಿ, ಇಲ್ಲದ ಚುಕ್ಕಾಣಿಗನಿಗೆ ಗಟ್ಟಿಯಾಗಿ ಅಪ್ಪಣೆ ಕೊಡತೊಡಗಿದನು. ಮರುದನಿ ಬಾರದಿದ್ದಾಗ ಅವನ ಏಕಾಕಿತನವು ಇನ್ನೂ ಹೆಚ್ಚಿತು. ಕಡೆಗೆ ಹಾಡುವುದನ್ನು ಹಿಡಿದನು. ಚಂದ್ರನು ಮೂಡಿದಾಗ ನೆರೆಮನೆಯವನನ್ನು ಕಂಡಂತೆ ಕುಶಲವನ್ನು ವಿಚಾರಿಸಿದನು.

ಇಂಥವನು ದಡ ಸೇರಿದ ಕಡೆಯಲ್ಲೆಲ್ಲ ಏನಾಯಿತೆಂಬುದನ್ನು ನೋಡಬೇಕು. ದಕ್ಷಿಣ ಅಮೆರಿಕದ ತುದಿಯ ಪುಂಟಾ ಅರೆನಾಸ್ ಬಂದರಿನಲ್ಲಿ 1896ರಲ್ಲಿ ಅವನಿಗೆ ಸಾಂಬ್ಲಿಕ್ ಎಂಬ ಆಸ್ಟ್ರಿಯನ್ ಕಪ್ತಾನನ ಪರಿಚಯವಾಯಿತು. ಆ ಹೊಸ ಗೆಳೆಯನು ಬಿಸ್ಕತ್ತು, ಹೊಗೆಯಾಡಿಸಿದ ಜಿಂಕೆಮಾಂಸಗಳ ಜೊತೆಗೆ ಒಂದು ಚೀಲದ ತುಂಬ ಚೂಪಾದ ಚಿಕ್ಕ ಮೊಳೆಗಳನ್ನೂ ತಂದುಕೊಟ್ಟನು. ಮೊಳೆಗಳಿಂದ ತನಗೇನು ಉಪಯೋಗವೆಂದು ಸ್ಲೋಕಂ ಹಿಂಜರಿದರೂ ಅವನು ಕೇಳಲಿಲ್ಲ. ಮುಂದೆ ಜಲಸಂಧಿಯಲ್ಲಿ ಮಲಗುವ ಮುನ್ನ ಸ್ಲೋಕಂ ಅವುಗಳನ್ನು ಅಟ್ಟದ ಮೇಲೆ ಮೊನೆ ಮೇಲಾಗಿ ಹರಡಿಟ್ಟನು. ಇರುಳಿನಲ್ಲಿ ಸದ್ದಿಲ್ಲದೆ ಹತ್ತಿಬಂದವರು ಬರಿಗಾಲಿಗೆ ಮೊಳೆ ನಾಟಿ ಕೂಗುತ್ತ ನೀರಿಗೆ ಹಾರಿದರು. (ಆ ನೆಲದ ಮೂಲನಿವಾಸಿಗಳನ್ನು ವಲಸೆಗಾರರು ಒಕ್ಕಲೆಬ್ಬಿಸುತ್ತಿದ್ದ ಕಾಲವದು, ಅವರ ಕಡೆಯ ಕಥೆಯನ್ನು ಸ್ಲೋಕಂ ಬರೆದಿಲ್ಲವೆಂಬುದನ್ನು ಮರೆಯಲಾಗದು.) ಅಂತೂ ಕೆಲವೇ ದಿನಗಳ ಗೆಳೆತನವು ಅವನನ್ನು ಕಾಯಿತು.

ಜುವಾನ್ ಫರ್ನಾಂಡಿಸ್ ದ್ವೀಪದಲ್ಲಿ ನಡೆದುದು ಇದಕ್ಕಿಂತಲೂ ಸೊಗಸು. ಬೆರಳೆಣಿಕೆಯ ಮನೆಗಳಿದ್ದ ಆ ದ್ವೀಪದವರು ಸ್ವಾಗತಿಸಲು ದೋಣಿಯನ್ನೇರಿ ಬಂದಾಗ, ಅವನು ಅವರಿಗೆ ಕೊಬ್ಬಿನಲ್ಲಿ ಕರಿದ ಸಿಹಿ ಬನ್ನುಗಳನ್ನು ಬಡಿಸಿದನು. ಜನರು ಅದನ್ನು ಮೆಚ್ಚಿ ಮಾಡುವ ಬಗೆಯನ್ನೂ ಕಲಿತರು. ಪ್ರತಿಯಾಗಿ ಮುಳುಗಿದ ಹಡಗಿನಿಂದ ದೊರೆತ ಪುರಾತನ ನಾಣ್ಯಗಳನ್ನು ಕೊಟ್ಟರು. ಹೊರಡುವ ಮುನ್ನಾದಿನ ದ್ವೀಪದ ಮಕ್ಕಳೆಲ್ಲರೂ ಅವನೊಡನೆ ಗುಡ್ಡವನ್ನೇರಿ ಅಂಜೂರವನ್ನೂ ಪೀಚ್ ಹಣ್ಣುಗಳನ್ನೂ ಆಯ್ದು ದಾರಿಗೆಂದು ತುಂಬಿಸಿದರು. ಅಲ್ಲಿಂದ ಸಮೋವಾ ತಲುಪಲು 72 ದಿನ. ಅಲ್ಲಿ ಹುಟ್ಟುದೋಣಿಯಲ್ಲಿ ಬಂದ ಹೆಂಗಸರು, ಒಬ್ಬನೇ ಬಂದೆನೆಂಬ ಅವನ ಮಾತನ್ನು ನಂಬದೆ, ಜೊತೆಗಾರರನ್ನು ತಿಂದುಹಾಕಿರಬೇಕೆಂದು ಹಾಸ್ಯಮಾಡಿದರು. ಹಿಂದಿನ ವರ್ಷಗಳಲ್ಲಿ ಅಲ್ಲಿಯೇ ನೆಲಸಿ 1894ರಲ್ಲಿ ತೀರಿಕೊಂಡಿದ್ದ ಲೇಖಕ ಸ್ಟೀವನ್‌ಸನ್ನನ ಪತ್ನಿಯು ಅವನನ್ನು ಮನೆಗೆ ಕರೆದು, ಗಂಡನು ಮತ್ತೆ ಮತ್ತೆ ಓದುತ್ತಿದ್ದ ಸಮುದ್ರಮಾರ್ಗದ ಕೈಪಿಡಿಗಳನ್ನು ಉಡುಗೊರೆಯಾಗಿತ್ತಳು. ಬಹುಕಾಲದ ನಂಟರಿಗೂ ಯಾರೂ ಸುಲಭವಾಗಿ ಕೊಡುವ ವಸ್ತುಗಳಲ್ಲ ಅವು.

ಸ್ಲೋಕಂನ ಕಾಲದಲ್ಲಿ ಹಾಗೆ ತಿರುಗುವವರು ವಿರಳವಾದುದರಿಂದ ಅವನ ಗೆಳೆಯರೆಲ್ಲರೂ ದಡದವರೇ. ಇಂದು ಹಾಗಲ್ಲ. ದೋಣಿಗಳ ಸಂಚಾರಕ್ಕೆ ಋತುಗಳ ಕಟ್ಟುಪಾಡು ಇದೆ. ಕೆರಿಬಿಯನ್ ಸಮುದ್ರದಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಭಯ. ಆದಕಾರಣ ಯುರೋಪಿನ ದೋಣಿಗಳು ಕೆನರಿ ದ್ವೀಪಗಳಲ್ಲಿ ಕಾದಿದ್ದು, ನವೆಂಬರ್ ಕೊನೆಯ ವೇಳೆಗೆ ವಾಣಿಜ್ಯ ಮಾರುತವನ್ನು ಹಿಡಿದು ಪಡುವಣಕ್ಕೆ ಹೊರಡುತ್ತವೆ. ಮರಳುವವರು ಮೇ ತಿಂಗಳಿನಲ್ಲಿ ಅಜೋರ್ಸ್ ದ್ವೀಪಗಳ ಮಾರ್ಗವಾಗಿ ಮರಳುತ್ತಾರೆ. ಗಾಳಿ ಒಂದೇ ಆದುದರಿಂದ ದಾರಿಯೂ ಒಂದೇ. ಒಂದು ಬಂದರಿನಲ್ಲಿ ಕಂಡ ಮುಖವು ಎರಡು ಸಾವಿರ ಮೈಲಿಗಳಾಚೆ ಮತ್ತೊಂದರಲ್ಲಿ ಎದುರಾಗುವುದುಂಟು.

ಈ ತೇಲುವ ಊರಿಗೆ ತನ್ನದೇ ಆದ ನಡೆನುಡಿ ಇದೆ. ಹೊಸದಾಗಿ ಲಂಗರು ಇಳಿಸಿದವರ ಬಳಿಗೆ ಮೊದಲೇ ಬಂದವರು ಪುಟ್ಟ ದೋಣಿಯಲ್ಲಿ ಹೋಗಿ ಮೈಯನ್ನು ಮೆಲ್ಲಗೆ ತಟ್ಟುತ್ತಾರೆ. ಕರೆಯುವ ತನಕ ಮೇಲೆ ಹತ್ತುವುದಿಲ್ಲ. ಬಹಾಮಾ ದ್ವೀಪಗಳ ಜಾರ್ಜ್ ಟೌನಿನಲ್ಲಿ ಚಳಿಗಾಲಕ್ಕೆ ನೂರಾರು ದೋಣಿಗಳು ನೆರೆಯುತ್ತವೆ. ಅಲ್ಲಿ ಬೆಳಗ್ಗೆ ರೇಡಿಯೋದಲ್ಲಿ ಯಾರಾದರೊಬ್ಬರು ಹವಾಮಾನವನ್ನು ತಿಳಿಸಿ, ಬಂದವರನ್ನು ಬರಮಾಡಿಕೊಂಡು, ಹೊರಡುವವರನ್ನು ಬೀಳ್ಕೊಡುತ್ತಾರೆ. ಪಂಪಿನ ಬಿಡಿಭಾಗ ಬೇಕಾದವನು ಅಲ್ಲಿಯೇ ಕೇಳುತ್ತಾನೆ. ಗಂಟಲು ಕೆಟ್ಟ ಮಗುವಿಗೆ ವೈದ್ಯರೂ ಅಲ್ಲಿಯೇ ದೊರೆಯಬಹುದು. ಅಲ್ಲಿ ಜನರ ಮನೆತನದ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ದೋಣಿಯ ಹೆಸರೇ ಅವರ ಹೆಸರು. ಹಿಂದೆ ನ್ಯಾಯಾಧೀಶನಾಗಿದ್ದವನೂ ಬಡಗಿಯಾಗಿದ್ದವನೂ ಒಂದೇ ಎಂಜಿನ್ನಿನ ಮುಂದೆ ಮಂಡಿಯೂರಿ ಕುಳಿತಿರುತ್ತಾರೆ. ಆ ಹೊತ್ತಿನಲ್ಲಿ ಬಡಗಿಗೇ ಮರ್ಯಾದೆ ಹೆಚ್ಚು. ನಡುರಾತ್ರಿ ಬಿರುಗಾಳಿ ಎದ್ದು ಒಂದು ದೋಣಿಯ ಲಂಗರು ಜಾರಿತೆಂದರೆ, ಹೆಸರು ಕೇಳದವರೂ ದೀಪ ಹಿಡಿದು ಹಗ್ಗದೊಡನೆ ಧಾವಿಸುತ್ತಾರೆ. ನಾಳೆ ಜಾರುವುದು ತಮ್ಮದಾಗಿರಬಹುದು.

ಇದರಲ್ಲಿ ಕುಂದಿಲ್ಲವೆಂದಲ್ಲ. ಕೆಲವರು ತಮ್ಮವರ ಕೂಟವನ್ನೇ ಕಟ್ಟಿಕೊಂಡು, ಅರ್ಧ ಮೈಲಿ ದೂರದ ಊರಿನಲ್ಲಿ ರೊಟ್ಟಿ ಮಾರುವವಳ ಹೆಸರನ್ನೂ ತಿಳಿಯದೆ ಲಂಗರು ಎತ್ತಿಬಿಡುತ್ತಾರೆ. ಸ್ಲೋಕಂ ಇವರಿಗಿಂತ ಭಾಗ್ಯಶಾಲಿ. ಮಕ್ಕಳ ಕಷ್ಟವು ಬೇರೆ ಬಗೆಯದು. ದೋಣಿಯ ಮಕ್ಕಳು ಕಂಡ ದಿನವೇ ಗೆಳೆಯರಾಗುತ್ತಾರೆ. ಐದು ವರ್ಷದವಳು ಹದಿನಾಲ್ಕರವನೊಡನೆ ಆಡುತ್ತಾಳೆ, ಭಾಷೆ ಬಾರದಿದ್ದರೂ ಈಜು ಬಂದರೆ ಸಾಕು. ಹದಿನೈದು ದಿನ ಕಳೆಯುವಷ್ಟರಲ್ಲಿ ಗಾಳಿ ತಿರುಗುತ್ತದೆ. ಒಂದು ದೋಣಿ ಪನಾಮಾದ ಕಡೆಗೆ, ಇನ್ನೊಂದು ಉತ್ತರಕ್ಕೆ. ದೊಡ್ಡವರು ಕೈಬೀಸಿ ಹಾಯಿಯ ಕೆಲಸಕ್ಕೆ ತಿರುಗಬಲ್ಲರು; ಹತ್ತು ವರ್ಷದ ಮಗುವಿಗೆ ಅಂಥ ಕೆಲಸವಿಲ್ಲ. ಅದು ಹಿಂಬದಿಯಲ್ಲಿ ಕುಳಿತು ಆ ಹಾಯಿಯು ಚುಕ್ಕೆಯಾಗುವವರೆಗೂ ನೋಡುತ್ತದೆ. ಮುಂದಿನ ಬಂದರಿನಲ್ಲಿ ಹೊಸ ಮಕ್ಕಳ ಬಳಿಗೆ ಹೋಗಲು ಕೆಲವು ದಿನ ಒಲ್ಲೆನೆನ್ನುತ್ತದೆ. ಇಂದು ಉಪಗ್ರಹದ ಮೂಲಕ ಸಂದೇಶ ಕಳಿಸಬಹುದು, ನಿಜ. ಆದರೆ ಜೊತೆಗೆ ನೀರಿಗೆ ಧುಮುಕುವುದು ಸಂದೇಶದಲ್ಲಿ ಆಗುವುದಿಲ್ಲ.

ಅಜೋರ್ಸ್ ದ್ವೀಪಗಳ ಓರ್ಟಾ ಬಂದರಿನಲ್ಲಿ 1918ರಲ್ಲಿ ತೆರೆದ ಪೀಟರ್ ಕೆಫೆ ಎಂಬ ಪುಟ್ಟ ಅಂಗಡಿ ಈಗಲೂ ಇದೆ. ದಶಕಗಳ ಕಾಲ ಅಲೆಮಾರಿ ನಾವಿಕರ ಕಾಗದಗಳನ್ನು ಅಲ್ಲಿ ಜೋಪಾನವಾಗಿಟ್ಟು, ಬಂದಾಗ ಕೊಡುತ್ತಿದ್ದರು. ಆ ಬಂದರಿನ ಕಟ್ಟೆಗೋಡೆಯ ಮೇಲೆ ತಂಗಿದ ದೋಣಿಯವರೆಲ್ಲ ತಮ್ಮ ದೋಣಿಯ ಚಿತ್ರವನ್ನೂ ಹೆಸರನ್ನೂ ವರ್ಷವನ್ನೂ ಬರೆದು ಹೋಗುವ ರೂಢಿಯಿದೆ. ಬರೆಯದೆ ಹೊರಟರೆ ಕೇಡೆಂಬ ನಂಬಿಕೆ. ಉಪ್ಪುಗಾಳಿಗೂ ಕಾಲ್ತುಳಿತಕ್ಕೂ ಸಿಕ್ಕಿ ಬಣ್ಣವು ಬೇಗನೆ ಮಾಸುತ್ತದೆ. ದಡ ಮುಟ್ಟಿದವರು ಹಗ್ಗ ಬಿಗಿದೊಡನೆ ಕಟ್ಟೆಯ ಉದ್ದಕ್ಕೂ ಬಗ್ಗಿ ನಡೆಯುತ್ತ, ಕಳೆದ ಸಲ ಬೇರೆಯಾದವರ ದೋಣಿಯ ಹೆಸರು ಅಲ್ಲಿದೆಯೇ, ಅದರ ಕೆಳಗೆ ಯಾವ ವರ್ಷವಿದೆ ಎಂದು ಹುಡುಕುತ್ತಾರೆ.