ಮನೆಯ ಹೆಸರು, ಹಾಜರಿ ಹೆಸರು

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಮನೆಯಲ್ಲಿ ಕರೆಯುವ ಹೆಸರೊಂದು, ಶಾಲೆಯ ಹಾಜರಿಯಲ್ಲಿ ಇರುವುದು ಇನ್ನೊಂದು. ಪೈಥಾನ್ ಭಾಷೆಯಲ್ಲೂ ಹೀಗೇ. ಪ್ರಾಜೆಕ್ಟ್ ಒಪ್ಪಿಸಲು ನಾಲ್ಕೇ ದಿನವಿದ್ದಾಗ ಅಣ್ಣನ ಮಗಳು, ‘ನನ್ನ ಕೈಲೆ ಆಗೂದಿಲ್ಲ ಕಾಕಾ, ಕಾಲೇಜ ಬಿಡತೀನಿ’ ಎಂದು ಅತ್ತಳು. ಪರದೆಯ ಕೊನೆಯ ಸಾಲು ಓದಿಸಿದೆ: ‘ಸಿವಿ2’ ಎಂಬ ಮಾಡ್ಯೂಲ್ ಇಲ್ಲ. ಪ್ರೋಗ್ರಾಮಿನೊಳಗೆ ಅದು ಸಿವಿ2. ಪಿಪ್ ಮೂಲಕ ತರಿಸುವಾಗ ‘ಓಪನ್‌ಸಿವಿ-ಪೈಥಾನ್’ ಎನ್ನಬೇಕು.

ತರಿಸಿದರೂ ಅದೇ ತಕರಾರು! ಕಂಪ್ಯೂಟರಿನಲ್ಲಿ ಎರಡು ಪೈಥಾನ್‌ಗಳಿದ್ದವು. ಸಾಮಾನು ಒಂದರ ಮನೆಗೆ ಹೋಗಿತ್ತು, ಪ್ರೋಗ್ರಾಮು ಇನ್ನೊಂದರಲ್ಲಿ ಹುಡುಕುತ್ತಿತ್ತು. ಪ್ರೋಗ್ರಾಮು ಓಡಿಸುವ ಪೈಥಾನ್‌ನಿಂದಲೇ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ತರಿಸಿದಾಗ ಸರಿಹೋಯಿತು.

ಪಾಲಕರೇ, ಮಗುವಿಗೆ ಈ ವಿದ್ಯೆ ಹತ್ತುವುದಿಲ್ಲವೆಂದು ತೀರ್ಮಾನಿಸುವ ಮುನ್ನ ಪಕ್ಕದಲ್ಲಿ ಕೂತು, ಆ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಸಿ.