ಹುಲಿ ಕಾಣಲಿಲ್ಲ

ರಜೆಯಲ್ಲಿ ಅಜ್ಜಿ ಜೊತೆ ಮೈಸೂರು ಝೂಗೆ ಹೋಗಿದ್ದೆ. ಅರ್ಧ ಗಂಟೆ ನಿಂತ್ರೂ ಹುಲಿ ಪೊದೆಯಿಂದ ಹೊರಗೆ ಬರ್ಲೇ ಇಲ್ಲ. "ಟಿಕೆಟ್ ದುಡ್ಡು ವೇಸ್ಟ್" ಅಂದೆ. "ಅದೇನು ದಿನವಿಡೀ ಜಗಲಿ ಮೇಲೇ ಕೂತಿರ್ಬೇಕೇನೋ?" ಅಂದ್ರು ಅಜ್ಜಿ.

ಬನ್ನೇರುಘಟ್ಟದ ಸಫಾರಿಯಲ್ಲಿ ಹುಲಿ ಹತ್ತಿರದಿಂದಲೇ ಕಂಡಿತ್ತು. ಅಲ್ಲಿ ಜಾಲರಿಯೊಳಗೆ, ಬಸ್ಸಲ್ಲಿ ಕೂತಿದ್ದು ನಾವು! 1973ರಲ್ಲಿ ಶುರುವಾದ ಸಿಂಗಾಪುರ ಝೂ ಬಗ್ಗೆ ಆಮೇಲೆ ಓದಿದೆ. ಅಲ್ಲಿ ಸರಳುಗಳ ಬದಲು ಕಂದಕ, ಗಿಡಮರ. ಒರಾಂಗುಟಾನ್‌ಗಳು ಜನರ ತಲೆ ಮೇಲಿನ ಮರಗಳಲ್ಲೇ ಓಡಾಡುತ್ತವಂತೆ.

ಮೂರನ್ನೂ ಹೋಲಿಸುವಾಗ ನಾನು ನೋಡಿದ್ದು ಒಂದೇ: ಪ್ರಾಣಿ ಎಷ್ಟು ಚೆನ್ನಾಗಿ ಕಾಣುತ್ತೆ? ಅದಕ್ಕೆ ಮರೆಯಾಗೋಕೆ ಜಾಗ ಇದೆಯಾ ಅಂತ ಯೋಚಿಸಿರಲೇ ಇಲ್ಲ.

ಹಾಸ್ಟೆಲ್‌ನಲ್ಲಿ ನಮ್ಮ ರೂಮಲ್ಲಿ ನಾಲ್ಕು ಜನ. ಯಾರೂ ಬೇಡ ಅನ್ನಿಸಿದಾಗ ನಾನು ಮುಸುಕು ಹಾಕ್ಕೊಂಡು ಮಲಗ್ತೀನಿ. ಆ ಹುಲಿಗೆ ಪೊದೆ ಇತ್ತು, ಸದ್ಯ.